ಕಾರವಾರದ ಮಂದ ಗಾಳಿಯಲ್ಲಿ ವಿಂಡ್‌ಸರ್ಫಿಂಗ್ ಕಲಿಯಬಹುದೇ? ಕಲಿತವರ ಅನುಭವಗಳು

ಪ್ರಶ್ನೆ

ನಾನು ಶಿರಸಿ ಕಡೆಯವನು, ಕಾರವಾರದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ತೂಕ 58 ಕೆ.ಜಿ. ಈಜು ಕಲಿತದ್ದು ಊರಿನ ಹೊಳೆಯಲ್ಲಿ. ವಿಂಡ್‌ಸರ್ಫಿಂಗ್ (ಹಾಯಿ ಜೋಡಿಸಿದ ಹಲಗೆಯ ಮೇಲೆ ನಿಂತು ಸಾಗುವುದು) ಅಥವಾ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ ಎಳೆಯುವಂತೆ ಹಲಗೆಯ ಮೇಲೆ ಸಾಗುವುದು), ಎರಡರಲ್ಲಿ ಒಂದನ್ನು ಓದು ಮುಗಿಯುವುದರೊಳಗೆ ಕಲಿಯಬೇಕೆಂಬ ಆಸೆಯಿದೆ. ಆದರೆ ಇಲ್ಲಿಯ ಗಾಳಿ ಇದಕ್ಕೆ ಸಾಲದು ಎಂದು ಹಲವರು ಹೇಳುತ್ತಾರೆ. ಕೈಯಲ್ಲಿರುವ ಹಣವೂ ಕಡಿಮೆ. ಎಲ್ಲಿಂದ ಆರಂಭಿಸಲಿ?

ಮೊದಲ ಉತ್ತರ

ನಾನೂ ಕಾರವಾರದಲ್ಲಿಯೇ ಓದಿದವನು ಮತ್ತು ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಒಂದು ವರ್ಷ ಸುಮ್ಮನೆ ಕಳೆದವನು. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ವಿಂಡ್‌ಸರ್ಫಿಂಗ್ ಕಲಿಯಿರಿ, ಕೈಟ್‌ಸರ್ಫಿಂಗನ್ನು ಮುಂದೆ ಬೇರೆ ಊರಿನಲ್ಲಿ ಕಲಿಯಿರಿ.

ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿಯಿದೆ. ಮಳೆಗಾಲ ಮುಗಿದ ಮೇಲೆ, ಅದರಲ್ಲೂ ಫೆಬ್ರುವರಿಯಿಂದ ಮೇ ತಿಂಗಳವರೆಗೆ, ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡಗಾಳಿ ಬೀಸುತ್ತದೆ. ಬಿಸಿಲೇರಿದಂತೆ ಅದು ನಿಂತು, ಸ್ವಲ್ಪ ಹೊತ್ತು ಎಲೆಯೂ ಅಲ್ಲಾಡದಂತಾಗಿ, ಆಮೇಲೆ ಸಮುದ್ರದ ಕಡೆಯಿಂದ ಗಾಳಿ ಆರಂಭವಾಗುತ್ತದೆ. ನೆಲ ಬೇಗ ಕಾದು ಅದರ ಮೇಲಿನ ಗಾಳಿ ಏರುವುದರಿಂದ, ತಂಪಾಗಿರುವ ಸಮುದ್ರದ ಗಾಳಿ ಆ ಜಾಗವನ್ನು ತುಂಬಲು ಬರುತ್ತದೆ. ಮಧ್ಯಾಹ್ನ ಎರಡರಿಂದ ಐದರ ನಡುವೆ ಅದು ಚುರುಕಾಗಿರುತ್ತದೆ. ನಾನು ಅನುಭವಿಸಿದಂತೆ ಸಾಮಾನ್ಯ ದಿನಗಳಲ್ಲಿ 8ರಿಂದ 12 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಎಂಟಕ್ಕೂ ಹನ್ನೆರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲವೆಂದು ಅನ್ನಿಸಬಹುದು. ಆದರೆ ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ 12 ನಾಟ್‌ನಲ್ಲಿ ಹಾಯಿಯ ಮೇಲೆ ಬೀಳುವ ಬಲ 8 ನಾಟ್‌ನಲ್ಲಿ ಬೀಳುವುದರ ಎರಡೂಕಾಲು ಪಟ್ಟು. ಕಲಿಯುವವನ ತೋಳುಗಳಿಗೆ ಆ ಎಂಟು ನಾಟ್ ಸರಿಯಾಗಿ ಹೊಂದುತ್ತದೆ.

ಸಲಕರಣೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಗ್ಗಕ್ಕೆ ಸಿಕ್ಕಿತೆಂದು 110 ಲೀಟರ್ ಗಾತ್ರದ (ಲೀಟರ್ ಹೆಚ್ಚಿದಷ್ಟೂ ಹಲಗೆ ಹೆಚ್ಚು ಭಾರವನ್ನು ತೇಲಿಸುತ್ತದೆ) ಹಳೆಯ ಹಲಗೆಯೊಂದನ್ನು ಕೊಂಡುತಂದೆ. ಆಗ ನನ್ನ ತೂಕ 74 ಕೆ.ಜಿ. ನಾನು, ಹಾಯಿ, ಮಾಸ್ಟ್ (ಹಾಯಿಯ ಕಂಬ) ಎಲ್ಲ ಸೇರಿ ಅದರ ಮೇಲೆ ನಿಂತರೆ ಹಲಗೆ ನೀರಿನ ಮಟ್ಟದಲ್ಲಿ ಹೊಯ್ದಾಡುತ್ತಿತ್ತು. ಹಾಯಿಯನ್ನು ಮೇಲೆತ್ತುವ ಮೊದಲೇ ಬೀಳುತ್ತಿದ್ದೆ. ಒಂದು ಇಡೀ ಬೇಸಿಗೆ ಹಾಗೆಯೇ ಹೋಯಿತು. ಮರುವರ್ಷ ನಡುವೆ ಡ್ಯಾಗರ್‌ಬೋರ್ಡ್ (ಹಲಗೆ ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಇಳಿಬಿಡುವ ಪಟ್ಟಿ) ಇರುವ, 200 ಲೀಟರಿನ ಅಗಲ ಹಲಗೆ ಸಿಕ್ಕಿದ ಮೂರನೆಯ ದಿನವೇ ಹೋಗಿ ತಿರುಗಿ ಬಂದೆ. ನಿಮಗೆ 160 ಲೀಟರಿಗಿಂತ ಕಡಿಮೆಯ ಹಲಗೆ ಬೇಡ, ಹಾಯಿ 4.5ರಿಂದ 5.5 ಚದರ ಮೀಟರ್ ಸಾಕು.

ಆ ಮೂರನೆಯ ದಿನದ ಕ್ಷಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಲಿಕೆಯೆಲ್ಲ ಅದರಲ್ಲಿಯೇ ಇದೆ. ಗಾಳಿ ಬೆನ್ನಿಗೆ ಬರುವಂತೆ, ಮಾಸ್ಟಿನ ಬುಡದ ಎರಡೂ ಬದಿಗೆ ಕಾಲಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಎತ್ತುವ ಹಗ್ಗವನ್ನು ಹಿಡಿದು ಹಿಂದಕ್ಕೆ ಒರಗಬೇಕು. ಮೊದಲಿಗೆ ಹಾಯಿ ಕಲ್ಲಿನಂತೆ ಕದಲದೆ ಇರುತ್ತದೆ, ಏಕೆಂದರೆ ಅದರ ಮೇಲೆ ನೀರು ನಿಂತಿರುತ್ತದೆ. ಅವಸರಪಟ್ಟು ಸೊಂಟದಿಂದ ಜಗ್ಗದೆ ಮೈಯ ಭಾರವನ್ನಷ್ಟೇ ಕೊಟ್ಟು ಕಾದರೆ, ನೀರು ಅಂಚಿನಿಂದ ಜಾರಿ ಇಳಿಯುತ್ತದೆ ಮತ್ತು ಹಾಯಿ ಒಮ್ಮೆಲೇ ಹಗುರಾಗಿ ಏಳುತ್ತದೆ. ಹಾಯಿ ಹಗುರಾದ ಆ ಕ್ಷಣದಲ್ಲಿಯೇ ಎಲ್ಲರೂ ಹಿಂದಕ್ಕೆ ಬೀಳುತ್ತಾರೆ. ಬೀಳದೆ ನಿಂತು, ಮುಂದಿನ ಕೈಯಿಂದ ಬೂಮ್ (ಹಾಯಿಯ ಅಡ್ಡ ಹಿಡಿಕೆ) ಹಿಡಿದು ಮಾಸ್ಟನ್ನು ಎದೆಯ ಹತ್ತಿರ ತಂದು, ಹಿಂದಿನ ಕೈಯಿಂದ ಮೆಲ್ಲನೆ ಎಳೆದುಕೊಂಡಾಗ ಹಲಗೆಯ ಕೆಳಗೆ ನೀರು ಗುಳುಗುಳು ಎನ್ನಲು ಆರಂಭವಾಯಿತು. ಆ ಸದ್ದು ಕೇಳಿಸಿದರೆ ನೀವು ಚಲಿಸುತ್ತಿದ್ದೀರಿ ಎಂದರ್ಥ.

ಸ್ಥಳಕ್ಕೆ ರವೀಂದ್ರನಾಥ ಟ್ಯಾಗೋರ್ ಕಡಲತೀರವೇ ಉತ್ತಮ. ವಾಯವ್ಯದ ಗಾಳಿ ಅಲ್ಲಿ ಓರೆಯಾಗಿ ದಡದತ್ತ ಬೀಸುವುದರಿಂದ, ಸೋತು ಹಾಯಿ ಬಿಟ್ಟರೂ ಗಾಳಿಯೇ ನಿಮ್ಮನ್ನು ದಡಕ್ಕೆ, ಸ್ವಲ್ಪ ದಕ್ಷಿಣದ ಬೈತಖೋಲದ ಕಡೆಗೆ ತಂದು ಬಿಡುತ್ತದೆ. ಬಂದರಿನ ದೋಣಿದಾರಿಗೆ ಅಡ್ಡ ಹೋಗಬೇಡಿ. ಬಿಣಗಾ, ಅರ್ಗಾ ಕಡೆಯದು ನೌಕಾನೆಲೆಯ ಪ್ರದೇಶ, ಅತ್ತ ಸುಳಿಯಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೇಕಾದಷ್ಟಿರುತ್ತದೆ, ಆದರೆ ಆ ಸಮುದ್ರ ಕಲಿಯುವವರದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ.

ವಿದ್ಯಾರ್ಥಿಯಾಗಿ ನಿಮಗೆ ಎದುರಾಗುವ ನಿಜವಾದ ಅಡಚಣೆ ಬೇರೆಯೇ ಇದೆ. ಗಾಳಿ ಬರುವುದು ಪ್ರಯೋಗಾಲಯದ ತರಗತಿಯ ಹೊತ್ತಿಗೆ; ಒಳ್ಳೆಯ ಗಾಳಿಯ ತಿಂಗಳುಗಳು ಪರೀಕ್ಷೆಯ ತಿಂಗಳುಗಳೊಡನೆ ಬರುತ್ತವೆ. ನನಗೆ ವಾರಕ್ಕೆ ಸಿಕ್ಕಿದ್ದು ಭಾನುವಾರದ ಮೂರು ತಾಸು ಮಾತ್ರ. ಅಷ್ಟರಲ್ಲಿಯೂ ಕಲಿಯಬಹುದು, ಆದರೆ ಹಲಗೆಯನ್ನು ತೀರದ ಹತ್ತಿರವೇ ಯಾರದಾದರೂ ಅಂಗಳದಲ್ಲಿ ಇಟ್ಟುಕೊಳ್ಳುವ ಏರ್ಪಾಡು ಆಗಬೇಕು. ಇಲ್ಲವಾದರೆ ಆ ಮೂರು ತಾಸಿನಲ್ಲಿ ಒಂದು ತಾಸು ಸಾಗಿಸುವುದರಲ್ಲಿಯೇ ಹೋಗುತ್ತದೆ.

ಎರಡನೆಯ ಉತ್ತರ

ನಮ್ಮದು ಮೀನುಗಾರಿಕೆಯ ಮನೆತನ. ಹಲಗೆಯ ವಿದ್ಯೆ ನನಗೆ ಗೊತ್ತಿಲ್ಲ, ನೀರಿನ ಬಗ್ಗೆ ಎರಡು ಮಾತು ಹೇಳುತ್ತೇನೆ, ತಮ್ಮಾ. ನಮ್ಮ ಅಜ್ಜನ ಕಾಲದಲ್ಲಿ ಹಾಯಿ ಕಟ್ಟಿದ ದೋಣಿಗಳು ಬೆಳಗಿನ ಮೂಡಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನದ ಪಡುಗಾಳಿಗೆ ಮನೆ ಸೇರುತ್ತಿದ್ದವು. ಬೆಳಗಿನ ಗಾಳಿ ಎಷ್ಟೇ ಸೊಗಸಾಗಿದ್ದರೂ ನೀನು ನೀರಿಗೆ ಇಳಿಯಬಾರದೆನ್ನುವುದಕ್ಕೆ ಕಾರಣ ಅದೇ. ದಡದ ಹತ್ತಿರ ನೀರು ಶಾಂತವಾಗಿ ಕಾಣುತ್ತದೆ, ಗಾಳಿ ಮಾತ್ರ ಹೊರಗಿನ ಕಡೆಗೆ ಒಯ್ಯುತ್ತದೆ.

ಎರಡನೆಯದು ಕಾಳಿ ನದಿಯ ಅಳಿವೆ. ದೇವಬಾಗದ ಎದುರು ನೀರು ಚಪ್ಪಟೆಯಾಗಿ ಕಾಣುತ್ತದೆಂದು ಹೊಸಬರು ಅಲ್ಲಿಗೆ ಹೋಗುತ್ತಾರೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಕ್ಕೆ ಹರಿಯುತ್ತವೆ. ಎದುರಿನಿಂದ ಪಡುಗಾಳಿ ಬೀಸಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಮಂದ ಗಾಳಿಯಲ್ಲಿ ಆ ಸೆಳೆತವನ್ನು ಮೀರಿ ಹಿಂದಿರುಗಲು ಹಾಯಿಗೆ ಶಕ್ತಿ ಸಾಲದು. ಉಬ್ಬರ ಇಳಿತದ ವೇಳಾಪಟ್ಟಿಯನ್ನು ನೋಡದೆ ಹೊರಡಬೇಡ. ತೀರದಲ್ಲಿ ರಂಪಣಿ ಬಲೆ ಹಾಕಿದ್ದರೆ ಅದು ಕಡಲಲ್ಲಿ ದೊಡ್ಡ ಅರೆವೃತ್ತವಾಗಿ ಹರಡಿರುತ್ತದೆ. ಅದರೊಳಗೆ ಹಲಗೆಯ ಅಡಿಯ ರೆಕ್ಕೆ (ಫಿನ್) ಸಿಕ್ಕಿಕೊಂಡರೆ ನಿನಗೂ ಅಪಾಯ, ಹತ್ತಾರು ಜನರ ಆ ದಿನದ ದುಡಿಮೆಯೂ ಹಾಳು. ಇಳಿಯುವ ಮೊದಲು ದಡದಲ್ಲಿ ಹಗ್ಗ ಹಿಡಿದವರನ್ನು ಒಂದು ಮಾತು ಕೇಳು, ಅವರೇ ದಾರಿ ತೋರಿಸುತ್ತಾರೆ.

ಮೂರನೆಯ ಉತ್ತರ

ನಾನು ಅಂಕೋಲೆಯವಳು, ಕೈಟ್‌ಸರ್ಫಿಂಗ್ ಕಲಿತದ್ದು ರಾಮೇಶ್ವರದಲ್ಲಿ. ನಿಮ್ಮ ತೂಕ ಕಡಿಮೆಯಿರುವುದು ಈ ಆಟಕ್ಕೆ ಅನುಕೂಲವೇ: 12 ನಾಟ್ ಗಾಳಿಯಲ್ಲಿ 75 ಕೆ.ಜಿ. ತೂಕದವರಿಗೆ ಸುಮಾರು 14 ಚದರ ಮೀಟರಿನ ಗಾಳಿಪಟ ಬೇಕಾದರೆ ನಿಮಗೆ 11 ಸಾಕು. ಆದರೂ ಕಾರವಾರದಲ್ಲಿ ಕಲಿಯಬೇಡಿ ಎಂದೇ ಹೇಳುತ್ತೇನೆ. ವಿಂಡ್‌ಸರ್ಫಿಂಗ್‌ನಲ್ಲಿ ಗಾಳಿ ನಿಂತರೆ ಹಲಗೆಯ ಮೇಲೆ ಕುಳಿತು, ಹಾಯಿಯನ್ನು ಹಿಂಬದಿಗೆ ಮಲಗಿಸಿ ಕೈಯಿಂದ ಹುಟ್ಟು ಹಾಕಿಕೊಂಡು ಬರಬಹುದು. ಕೈಟ್ ಹಾಗಲ್ಲ. ಗಾಳಿ ಎಂಟು ನಾಟ್‌ಗಿಂತ ಕೆಳಗಿಳಿದರೆ ನೀರಿಗೆ ಬಿದ್ದ ಗಾಳಿಪಟ ಮತ್ತೆ ಏಳುವುದು ಕಷ್ಟ. ಇಪ್ಪತ್ತು ಮೀಟರಿಗೂ ಉದ್ದದ ದಾರಗಳು ನೀರಿನಲ್ಲಿ ಸಡಿಲವಾಗಿ ತೇಲುತ್ತಾ ಕಾಲಿಗೆ ಸುತ್ತಿಕೊಳ್ಳುತ್ತವೆ. ಕೈಟ್‌ಸರ್ಫಿಂಗ್ ಮೊದಲ ಬಾರಿಗೆ ಸೇರ್ಪಡೆಯಾದ 2024ರ ಒಲಿಂಪಿಕ್ಸ್‌ನಲ್ಲಿಯೂ ಫ್ರಾನ್ಸಿನ ಮಾರ್ಸೇಯ ಗಾಳಿ ಕೈಕೊಟ್ಟು ಸ್ಪರ್ಧೆಗಳನ್ನು ಮುಂದೂಡಬೇಕಾಯಿತು. ಹೊಸ ಗಾಳಿಪಟವೊಂದರ ಬೆಲೆಯೇ ಲಕ್ಷದ ಆಸುಪಾಸಿನಲ್ಲಿರುತ್ತದೆ ಎಂಬುದನ್ನೂ ಮರೆಯಬೇಡಿ. ರಾಮೇಶ್ವರದಲ್ಲಿ ಸೊಂಟದಷ್ಟು ಆಳದ ಚಪ್ಪಟೆ ನೀರಿದೆ. ರಜೆಯಲ್ಲಿ ಒಂದು ವಾರ ಅಲ್ಲಿ ತರಬೇತಿ ಪಡೆಯುವುದು ಮೇಲು.

ಅದಕ್ಕೆ ಮೊದಲು ಇಲ್ಲಿ ಹಾಯಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಕೆನ್ನೆಯಿಂದಲೇ ಗುರುತಿಸುವ ಅಭ್ಯಾಸ ಹಾಯಿಯಿಂದ ಬರುತ್ತದೆ, ಅದು ಕೈಟ್‌ಗೂ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿಯ ನೌಕಾ ವಿಭಾಗವಿದ್ದರೆ ಸೇರಿಕೊಳ್ಳಿ, ಹಾಯಿದೋಣಿಯ ಅಭ್ಯಾಸ ಖರ್ಚಿಲ್ಲದೆ ಸಿಗುತ್ತದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಬಾದ್ ಅಲಿ ಅವರು ವಿಂಡ್‌ಸರ್ಫಿಂಗ್‌ನಲ್ಲಿ ಕಂಚಿನ ಪದಕ ಗೆದ್ದಾಗ ನನಗಾದ ಸಂತೋಷ ಹೇಳತೀರದು. ನಮ್ಮ ದೇಶದಲ್ಲಿಯೂ ಇದನ್ನು ಮನಸ್ಸಿಟ್ಟು ಕಲಿಯುವವರಿದ್ದಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಾಯಿಯನ್ನೇ ಹಿಡಿಯುತ್ತೇನೆ. ದಡದಲ್ಲಿ ನಿಂತು ನೋಡಿದರೆ ಗಾಳಿ ಎಷ್ಟಿದೆಯೆಂದು ಹೇಗೆ ತಿಳಿಯುವುದು? ಮೊಬೈಲಿನ ಮುನ್ಸೂಚನೆಗೂ ತೀರದ ಗಾಳಿಗೂ ಹೊಂದಿಕೆಯಾಗುತ್ತಿಲ್ಲ.

ಮೊದಲ ಉತ್ತರ ಬರೆದವರಿಂದ

ನೀರನ್ನೇ ನೋಡಿ. ಬರೀ ನವಿರಾದ ಸುಕ್ಕುಗಳಿದ್ದರೆ ಕಾಯಿರಿ. ದೂರದ ಅಲೆಗಳ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣಿಸಿಕೊಂಡು, ತೀರದ ಗಾಳಿಮರಗಳ ಸಣ್ಣ ಟೊಂಗೆಗಳು ಬಿಡುವಿಲ್ಲದೆ ಆಡುತ್ತಿದ್ದರೆ ಅದು 7ರಿಂದ 10 ನಾಟ್. ನಿಮ್ಮ ಹೊತ್ತು ಅದೇ. ಎಲ್ಲೆಡೆ ನೊರೆ ಎದ್ದು ದಡದ ಒಣ ಕಾಗದಗಳು ಹಾರತೊಡಗಿದರೆ 11 ನಾಟ್ ದಾಟಿದೆ. ಮೊದಲ ಬೇಸಿಗೆಯಲ್ಲಿ ಅಂಥ ದಿನ ಹಾಯಿ ಬಿಚ್ಚದೆ ದಡದಲ್ಲಿಯೇ ಇರಿ. ಈಜು ಬಂದರೂ ಲೈಫ್ ಜಾಕೆಟ್ ತೊಡಿ, ದಡದಲ್ಲಿ ಒಬ್ಬ ಗೆಳೆಯನನ್ನು ಕೂರಿಸಿ, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಅವನ ಮೊಬೈಲಿನಲ್ಲಿ ಇಟ್ಟಿರಿ.