ಅಂಬಾಸಿಡರ್‌ಗೆ ಅಚ್ಚು

ರಿಮೋಟ್ ಕಾರಿಗೆ ಅಂಗಡೀಲಿ ಸಿಗೋ ಬಾಡಿಗಳಲ್ಲಿ ಹೆಚ್ಚಿನವು ಪರದೇಶದ ಗಾಡಿಗಳವೇ. ನಮ್ಮ ಕೊಟ್ರೇಶಿಗೆ ಬೇಕಾಗಿದ್ದು ಅಂಬಾಸಿಡರ್. ಕಾರಿನ ಆಕಾರದ ಅಚ್ಚು ಮಾಡಿ, ಅದರ ಮೇಲೆ ಕಾಯಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿ ಬಾಡಿ ತೆಗಿಯೋದು ಅವನ ಲೆಕ್ಕ. ಹತ್ತನೇ ಒಂದರ ಅಳತೇಲಿ, ಅಂದ್ರೆ 43 ಸೆಂಟಿಮೀಟರ್ ಉದ್ದ. ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ರ ಮಂಡಕ್ಕಿ-ಮೆಣಸಿನಕಾಯಿ ಬಂದಿದ್ದೇ ತಡ, ಮಾತು ಶುರುವಾಯ್ತು.

"ಅಚ್ಚಿಗೆ ಥರ್ಮಾಕೋಲ್ ಕೆತ್ತಿ ಬಿಸಾಕ್ಲೇ, ಅರ್ಧ ದಿನದ ಕೆಲ್ಸ" ಅಂದ ತಿಪ್ಪೇಶಿ. ಲೋಕದ ಯಾವ ಕೆಲಸವೂ ಅವನಿಗೆ ಅರ್ಧ ದಿನದ್ದೇ.

"ಹಾಳೆ ಬಂದು ಕೂರೋದು 180 ಡಿಗ್ರಿ ಕಾದು" ಅಂದ ಕೊಟ್ರೇಶಿ. " ಕೆಳಗಿಂದ ಗಾಳಿ ಎಳದ್ರೆ ಮೇಲಿನ ಗಾಳಿ ಒತ್ತತೆ. ಚದರ ಸೆಂಟಿಮೀಟರಿಗೆ ಒಂದು ಕೆಜಿ ಹಿಡಿ. 43 ಇಂಟು 17 ಎಷ್ಟು?"

ತಿಪ್ಪೇಶಿ ಮೊಬೈಲ್ ಒತ್ತಿದ. "731! ಯಪ್ಪಾ!"

"ಪೂರ್ತಿ ಎಳದ್ರೆ ಅಷ್ಟು ಭಾರ. ನಿನ್ನ ಥರ್ಮಾಕೋಲ್ ಚಪಾತಿ ಆಗ್ತತೆ."

ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅಂಟಿಸಿ ಕೆತ್ತೋದು ಅಂತ ಆಯ್ತು. ಆಗ ನಾಗ ಬಾಯಿ ಬಿಟ್ಟ. ಗಣಪತಿ ಮಾಡೋ ಮನೆಯವನು. ಅಚ್ಚಿನ ವಿಷಯಕ್ಕೆ ಅವನೇ ನಮ್ಮ ಹೈಕೋರ್ಟು.

"ಕೆತ್ತೋದು ಇರ್ಲಿ, ಬಿಡಿಸೋದು ಹೆಂಗೆ? ಅಂಬಾಸಿಡರ್ ಹೊಟ್ಟೆ ಉಬ್ಬಿ ಕೆಳಗೆ ಒಳಕ್ಕೆ ಹೋಗೈತೆ. ಹಾಳೆ ಅಲ್ಲಿ ಕಚ್ಕೊಂಡ್ರೆ ಅಚ್ಚೂ ಇಲ್ಲ, ಬಾಡೀನೂ ಇಲ್ಲ."

"ಹಾಳೆ ಬಾಗಲ್ವಾ?"

"ಸ್ವಲ್ಪ ಬಾಗ್ತತೆ. ಅದರ ಮೇಲೆ ಬಂಪರ್ರೂ ಸೇರಿಸಿದ್ರೆ ಮುಗೀತು ಕತೆ. ಬಂಪರ್‌ಗೆ ಬೇರೆ ಅಚ್ಚು. ಪಕ್ಕದ ಗೋಡೆಗೆ ಮೂರ್ನಾಲ್ಕು ಡಿಗ್ರಿ ಇಳಿಜಾರು ಕೊಡು. ಉಬ್ಬು ಬೇಕೇ ಬೇಕಂದ್ರೆ ತುಂಡು ಅಚ್ಚು ಮಾಡು: ನಡುವಿನ ತುಂಡು ಮೊದ್ಲು ಕಿತ್ತು, ಪಕ್ಕದವನ್ನ ಒಳಗಿನ ಜಾಗಕ್ಕೆ ಜರುಗಿಸಿ ತೆಗಿ. ಕೆಳಗೆ ಎರಡು ಸೆಂಟಿಮೀಟರ್ ಪೀಠ ಇಡು. ತಳದ ಹತ್ರ ಹಾಳೆ ಹೊರಕ್ಕೆ ಹರಡ್ತತೆ, ಆ ಭಾಗ ಕತ್ತರಿಸಿ ಎಸಿಯೋಕಾಗ್ತತೆ. ಪೀಠ ಇಲ್ದೆ ದೇವ್ರೂ ಕೂರಲ್ಲ."

ಗಾಳಿ ಎಳಿಯೋಕೆ ಅಚ್ಚಿಗೆ ಹಾಕೋ ತೂತಿನ ವಿಚಾರಕ್ಕೆ ಅರ್ಧ ಪ್ಲೇಟ್ ಮಂಡಕ್ಕಿ ಖರ್ಚಾಯ್ತು. ಬಾನೆಟ್ಟು ಮುಂದಿನ ಗಾಜಿಗೆ ಸೇರೋ ಮೂಲೆ, ಗ್ರಿಲ್ಲಿನ ಸಂದಿ, ಎಲ್ಲೆಲ್ಲಿ ತಗ್ಗೋ ಅಲ್ಲೆಲ್ಲ ಒಂದು ಮಿಲಿಮೀಟರ್ ತೂತು. ಗಾಳಿ ಸಿಕ್ಕಾಕ್ಕೊಂಡ್ರೆ ಹಾಳೆ ತಳ ಮುಟ್ಟಲ್ಲ, ಗ್ರಿಲ್ಲು ಸವೆದ ನಾಣ್ಯ. ಬಾಗಿಲಿನ ಗೀರನ್ನೂ ಬೇಕಾದ್ದಕ್ಕಿಂತ ಆಳವಾಗೇ ಕೊರೀಬೇಕು, ಹಾಳೆ ಎಲ್ಲಾ ಚೂಪನ್ನೂ ಮೊಂಡು ಮಾಡ್ತತೆ.

"ಪಾಲಿಕಾರ್ಬೊನೇಟ್ ಹಾಳೆ ತೇವ ಕುಡಿದಿರ್ತತೆ. 120 ಡಿಗ್ರೀಲಿ ತಾಸುಗಟ್ಟಲೆ ಒಣಗಿಸಬೇಕು, ಇಲ್ದಿದ್ರೆ ಮೈತುಂಬ ಗುಳ್ಳೆ" ಅಂದ ಕೊಟ್ರೇಶಿ.

"ನಮ್ಮ ಏಪ್ರಿಲ್ ಬಿಸಿಲಿಗೆ ಹಾಕ್ಲೇ."

"ನಮ್ಮ ಬಿಸಿಲು 40 ಮುಟ್ಟೋಕೇ ಏದುಸಿರು ಬಿಡ್ತತೆ. ಉಳಿದ 80 ನಿಮ್ಮಪ್ಪ ಕೊಡ್ತಾನಾ?"

ಬಣ್ಣ ಬಳಿಯೋದು ಬಾಡಿಯ ಒಳಗಡೆಯಿಂದ, ಉಜ್ಜಿದ್ರೂ ಹೋಗಬಾರದು ಅಂತ. ಹಂಗಾಗಿ ನಂಬರ್ ಪ್ಲೇಟಿನ ಕೆಎ 17 ಅನ್ನೂ ಒಳಗಿಂದ ಕನ್ನಡಿ ಬರಹದಾಗೆ ಬರೀಬೇಕು.

"ಯಾರು ಬರೀತಾರೆ?" ಅಂತ ಕೊಟ್ರೇಶಿ ತಲೆ ಕೆರ್ಕೊಂಡ.

"ತಿಪ್ಪೇಶಿಗೆ ಕೊಡು" ಅಂದ ನಾಗ, "ಅವನು ನೆಟ್ಟಗೆ ಬರದ್ರೂ ಹಂಗೇ ಬರ್ತತೆ."