ಅದಲು ಬದಲು ಮಾಡಿಕೊಂಡ ತುಂಡುಗಳ ಕೌದಿ: ಒಂದಕ್ಕೊಂದು ಹೊಂದುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಹೊಸ ಸೂಜಿ):
ಕೌದಿ ಹೊಲಿಯೋ ಗೆಳತಿಯರೆಲ್ಲ ಸೇರಿ 5 ಇಂಚಿನ ಚೌಕಗಳನ್ನ ಅದಲು ಬದಲು ಮಾಡಿಕೊಂಡ್ವಿ. ನನ್ನ ಪಾಲಿಗೆ ಬಂದದ್ದನ್ನ ನೆಲದ ಮೇಲೆ ಹರಡಿದ್ರೆ ಕಣ್ಣು ಕುಕ್ಕುತ್ತೆ. ಅಂಗೈ ಅಗಲದ ಹೂವು, ಪಕ್ಕದಲ್ಲೇ ಸಣ್ಣ ಚೌಕಳಿ, ಅದಕ್ಕೆ ತಾಗಿ ಗಿಳಿಹಸಿರು. ಒಂದೆರಡು ಜಾರೋ ಬಟ್ಟೆ. ಒಂದು ಕಡುಗೆಂಪು ತುಂಡಂತೂ ಒದ್ದೆ ಕೈಯಲ್ಲಿ ಮುಟ್ಟಿದ್ರೆ ಬೆರಳಿಗೇ ಬಣ್ಣ. ಆದ್ರೂ ಕೊಟ್ಟವರೆಲ್ಲರ ತುಂಡೂ ಇರಲಿ ಅಂತ ಆಸೆ. ಜೋಡಿಸೋದು ಹೇಗೆ? ತೊಳೆದು ಹೊಲಿಯೋದಾ, ಹೊಲಿದು ತೊಳೆಯೋದಾ?

ಉತ್ತರ (ಹಳೇ ಕತ್ತರಿ):
ಮೊದಲು ಬಣ್ಣದ ಹೆಸರು ಮರೆತುಬಿಡಿ. ತುಂಡುಗಳನ್ನ ಹರಡಿ, ಮೊಬೈಲಲ್ಲಿ ಕಪ್ಪು-ಬಿಳುಪು ಫೋಟೋ ತೆಗೀರಿ. ನಿಮ್ಮ ಗಿಳಿಹಸಿರೂ ಪಕ್ಕದ ಕಿತ್ತಳೆಯೂ ಒಂದೇ ಬೂದು ಆಗಿ ಕಂಡರೆ ಆಶ್ಚರ್ಯ ಬೇಡ. ಗಾಢ ಒಂದು ಗುಡ್ಡೆ, ತಿಳಿ ಒಂದು ಗುಡ್ಡೆ ಮಾಡಿ, ಒಂದು ಬಿಟ್ಟು ಒಂದು ಇಡಿ. ಗಲಾಟೆ ಅರ್ಧ ಅಲ್ಲೇ ಅಡಗುತ್ತೆ.

ದೊಡ್ಡ ಹೂವಿನ ಚೌಕವನ್ನ ನಾಲ್ಕು ಮಾಡಿ, ಎರಡೂವರೆ ಇಂಚಿನವು ಸಿಗ್ತವೆ. ಆದ್ರೆ ಲೆಕ್ಕ ನೋಡ್ಕೊಳ್ಳಿ: ಕಾಲು ಇಂಚು ಅಂಚು ಬಿಟ್ಟು ಆ ನಾಲ್ಕನ್ನ ಮತ್ತೆ ಕೂಡಿಸಿದ್ರೆ ನಾಲ್ಕೂವರೆ ಇಂಚೇ ಆಗೋದು. ಕತ್ತರಿಸದ ಚೌಕಗಳನ್ನೂ ನಾಲ್ಕೂವರೆಗೆ ಇಳಿಸದಿದ್ರೆ ಸಾಲು ಕೂಡೋಲ್ಲ.

ತೊಳೆಯೋ ವಿಷಯ: ಇಷ್ಟು ಚಿಕ್ಕ ತುಂಡನ್ನ ಮಷಿನ್‌ಗೆ ಹಾಕಿದ್ರೆ ವಾಪಸ್ ಬರೋದು ಬರೀ ದಾರ. ಬೋಗುಣಿಯಲ್ಲಿ ಬಿಸಿನೀರಿಗೆ ಹಾಕಿ ನೆನೆಸಿ, ಹಿಂಡದೆ ಟವೆಲ್ ಮೇಲೆ ಒತ್ತಿ. ಆ ಕೆಂಪನ್ನ ಮಾತ್ರ ಬೇರೆ ನೆನೆಸಿ, ಒದ್ದೆ ಇರುವಾಗ್ಲೇ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಮಾಡಿ. ಎರಡು ಮೂರು ಸಲ ನೆನೆಸಿದ ಮೇಲೂ ಕಲೆ ಹತ್ತಿದ್ರೆ ಅದು ಕೌದಿಗೆ ಬೇಡ, ಯಾರು ಕೊಟ್ಟಿದ್ರೂ ಸರಿ.

ಉತ್ತರ (ಚಿಂದಿಪ್ರಿಯೆ):
ಜಾರೋ ಬಟ್ಟೆಯ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ತೊಟ್ಟಿ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಪುಡಿಯಾಗೋ ಬೂದಿ ಅಂದ್ರೆ ಹತ್ತಿ ಇಲ್ಲವೇ ರೇಯಾನ್. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್, ಜೋರು ಇಸ್ತ್ರಿ ತಾಗಿಸಬೇಡಿ. ಬಿಡೋಕೆ ಮನಸ್ಸಿಲ್ಲ ಅಂದ್ರೆ ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಹೊಲಿದುಕೊಳ್ಳಿ, ಜಾರೋಲ್ಲ. ಅಂದಹಾಗೆ, ಇಷ್ಟವಾಗದ ತುಂಡು ಇನ್ನೂ ಇಷ್ಟ ಆಗ್ತಿಲ್ಲ ಅಂದ್ರೆ ಇನ್ನೂ ಚಿಕ್ಕದು ಮಾಡಿ ಅಂತರ್ಥ!

ಪ್ರಶ್ನೆ ಕೇಳಿದವರು (ಹೊಸ ಸೂಜಿ):
ಫೋಟೋ ತೆಗೆದೆ ಅಕ್ಕ. ಗಾಢದ್ದೇ ಜಾಸ್ತಿ ಇದೆ, ತಿಳಿ ಬಣ್ಣದ್ದು ಕಡಿಮೆ. ಬರೀ ಬಿಳಿ ಬಟ್ಟೆ ಸೇರಿಸಬಹುದಾ?

ಉತ್ತರ (ಹಳೇ ಕತ್ತರಿ):
ಅಚ್ಚ ಬಿಳಿ ಬೇಡ ತಂಗಿ, ಅದೊಂದೇ ಎದ್ದು ಕಾಣುತ್ತೆ. ಕೆನೆಬಣ್ಣ, ತಿಳಿ ಬೂದು, ಸಣ್ಣ ಚುಕ್ಕಿಯದು, ಹೀಗೆ ಮೂರು ನಾಲ್ಕು ಬಗೆ ಬೆರೆಸು. ಹೊಲಿಗೆ ಅಂಚನ್ನ ಗಾಢ ಬಟ್ಟೆ ಕಡೆ ಮಡಚಿ ಇಸ್ತ್ರಿ ಮಾಡು, ಇಲ್ಲಾಂದ್ರೆ ಕೆನೆಬಣ್ಣದ ಕೆಳಗೆ ಗೆರೆ ಇಣುಕುತ್ತೆ.