1791ರ ಐರಿಷ್ ಮದುವೆ ಒಪ್ಪಂದದಲ್ಲಿ ಇಷ್ಟೊಂದು ಜನ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು, ಮದುವೆಯಾದ ಮೇಲೆ ಕಾರ್ಕ್‌ನಲ್ಲಿದ್ದೇನೆ. ಗಂಡನ ಮನೆಯವರ ವಂಶಾವಳಿ ಹುಡುಕುವಾಗ ಡಬ್ಲಿನ್‌ನ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ (ಜಮೀನಿನ ಪತ್ರಗಳನ್ನು ನೋಂದಾಯಿಸುವ ಕಚೇರಿ) ದಾಖಲಾದ 1791ರ ಮದುವೆ ಒಪ್ಪಂದ ಸಿಕ್ಕಿತು. ವರ, ವರನ ಅಪ್ಪ, ವಧು, ವಧುವಿನ ಅಣ್ಣ, ಜೊತೆಗೆ ಬೇರೆ ಮನೆತನದ ಇಬ್ಬರು ಗಂಡಸರ ಹೆಸರಿದೆ. ಒಂದು ಕಡೆ 400 ಪೌಂಡ್, ಇನ್ನೊಂದು ಕಡೆ ವರ್ಷಕ್ಕೆ 40 ಪೌಂಡ್ ಅಂತಿದೆ. ಆ ಇಬ್ಬರು ಯಾರು? ಪತ್ರದ ತಾರೀಖನ್ನೇ ಮದುವೆ ದಿನ ಅಂತ ಬರೆದುಕೊಳ್ಳಬಹುದಾ?

ಉತ್ತರ: ನಮಸ್ಕಾರ ಮೇಡಂ. ತಾರೀಖನ್ನು ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಇಂಥ ಪತ್ರ ಸಾಮಾನ್ಯವಾಗಿ ಮದುವೆಗೆ ಮುಂಚೆ ಆಗುತ್ತಿತ್ತು, ಆದರೆ ಮದುವೆಯಾದ ಮೇಲೆ ಬರೆದದ್ದೂ ಉಂಟು. ಒಳಗೆ ‘ನಡೆಯಲಿರುವ ಮದುವೆ’ ಅಂತಿದೆಯೋ ‘ಆಗಲೇ ನಡೆದ ಮದುವೆ’ ಅಂತಿದೆಯೋ ನೋಡಿ. ನೋಂದಣಿಯ ತಾರೀಖು ಇನ್ನೂ ಬೇರೆ. ನೋಂದಣಿ ಕಡ್ಡಾಯವಿರಲಿಲ್ಲ, ಹಾಗಾಗಿ ಕೆಲವರು ವರ್ಷಗಳ ನಂತರ, ಜಮೀನು ಮಾರುವಾಗಲೋ ಜಗಳ ಬಂದಾಗಲೋ ಮಾಡಿಸುತ್ತಿದ್ದರು.

400 ಪೌಂಡ್ ಹೆಣ್ಣಿನ ಕಡೆಯವರು ಕೊಟ್ಟ ವರದಕ್ಷಿಣೆ, ಅದಕ್ಕೆ ಪೋರ್ಷನ್ ಅನ್ನುತ್ತಾರೆ. ವರ್ಷಕ್ಕೆ 40 ಅನ್ನೋದು ಜಾಯಿಂಚರ್, ಅಂದರೆ ಗಂಡ ಮೊದಲು ತೀರಿಕೊಂಡರೆ ಅವನ ಜಮೀನಿನ ಆದಾಯದಿಂದ ಹೆಂಡತಿಗೆ ಬದುಕಿರುವವರೆಗೂ ಸಿಗುವ ಹಣ. ನೂರಕ್ಕೆ ಹತ್ತರ ಲೆಕ್ಕ ಆ ಕಾಲಕ್ಕೆ ತೀರಾ ಸಾಮಾನ್ಯ. ವಿಧವೆಗೆ ಕಾನೂನು ಪ್ರಕಾರ ಗಂಡನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ಜೀವಮಾನದ ಹಕ್ಕಿತ್ತು, ಜಾಯಿಂಚರ್ ಒಪ್ಪಿಕೊಂಡರೆ ಆ ಹಕ್ಕು ಹೋಗುತ್ತಿತ್ತು. ಆದ್ದರಿಂದ ಎರಡೂ ಮನೆಯವರು ಇದರ ಮೇಲೆ ಜೋರಾಗೇ ಚೌಕಾಸಿ ಮಾಡುತ್ತಿದ್ದರು. ನೋಂದಾಯಿಸಿದ ಪತ್ರಕ್ಕೆ ನೋಂದಾಯಿಸದ ಪತ್ರಕ್ಕಿಂತ ಬೆಲೆ ಜಾಸ್ತಿ, ಮುಂದೆ ಗಂಡ ಅದೇ ಜಮೀನು ಅಡವಿಟ್ಟರೂ ಅವಳ ಪಾಲಿಗೆ ರಕ್ಷಣೆ ಇರುತ್ತಿತ್ತು.

ಇನ್ನು ಆ ಇಬ್ಬರು. ಬಹುಶಃ ಟ್ರಸ್ಟಿಗಳು. ಮದುವೆಯಾದ ಹೆಂಗಸಿನ ಆಸ್ತಿ ಗಂಡನ ಕೈಗೆ ಹೋಗುತ್ತಿದ್ದ ಕಾಲ ಅದು, 1882ರ ಕಾಯ್ದೆ ಬರುವವರೆಗೂ ದೊಡ್ಡ ಬದಲಾವಣೆ ಆಗಲಿಲ್ಲ. ಹಾಗಾಗಿ ಅವಳ ಪರವಾಗಿ ಹಿಡಿದಿಟ್ಟುಕೊಳ್ಳಲು ನಂಬಿಕಸ್ಥರು ಬೇಕಿತ್ತು, ಅವರು ಹೆಚ್ಚಾಗಿ ಸೋದರಮಾವ, ಭಾವ, ಚಿಕ್ಕಪ್ಪ ಇಂಥವರೇ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಹೆಸರುಗಳು ಇವೇ. ವಧುವಿನ ತಾಯಿಯ ತವರು ಯಾವುದು ಅನ್ನೋದು ಇಲ್ಲಿಂದಲೇ ಸಿಕ್ಕರೂ ಸಿಗಬಹುದು, 1922ರ ಜೂನ್ 30ರಂದು ಡಬ್ಲಿನ್‌ನ ನ್ಯಾಯಾಲಯಗಳ ಕಟ್ಟಡ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆಗಳು ಸುಟ್ಟುಹೋದ ಮೇಲೆ ಉಯಿಲುಗಳಿಂದ ಅದನ್ನು ತಿಳಿಯುವ ದಾರಿ ಬಹುಪಾಲು ಮುಚ್ಚಿದೆ. ರಿಜಿಸ್ಟ್ರಿ ಬೇರೆ ಕಡೆ ಇದ್ದಿದ್ದರಿಂದ ಉಳಿಯಿತು. ಸಾಕ್ಷಿಗಳ ಹೆಸರನ್ನೂ ಬಿಡಬೇಡಿ. ವಧುವಿನ ಕಡೆಯಿಂದ ಅಣ್ಣ ಇದ್ದಾನೆ ಅಂದರೆ ಅಪ್ಪ ಆಗಲೇ ತೀರಿಕೊಂಡಿರುವ ಸಾಧ್ಯತೆ ಹೆಚ್ಚು, ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ.

ಪ್ರಶ್ನೆ: ನಾನು ಓದಿದ ಪುಟದಲ್ಲಿ ಮಕ್ಕಳ ಪಾಲಿನ ಬಗ್ಗೆ ಏನೂ ಇಲ್ಲ ಸರ್. ಹಾಗಿದ್ರೆ ಒಪ್ಪಂದದಲ್ಲೇ ಇರಲಿಲ್ಲ ಅಂತಲಾ?

ಉತ್ತರ: ಅಲ್ಲ. ನಿಮಗೆ ಸಿಕ್ಕಿರೋದು ಮೆಮೋರಿಯಲ್, ಮೂಲ ಪತ್ರದ ಸಾರಾಂಶ. ತಾರೀಖು, ಪಕ್ಷದವರು, ಸಾಕ್ಷಿಗಳು, ಜಮೀನು ಇದ್ದರೆ ನೋಂದಣಿಗೆ ಸಾಕಾಗುತ್ತಿತ್ತು. ಮನೆಯ ಹಣಕಾಸು ಊರಿಗೆಲ್ಲ ತಿಳಿಯೋದು ಬೇಡ ಅಂತ ಅನೇಕರು ಉಳಿದದ್ದನ್ನು ಬಿಟ್ಟೇ ಕೊಡುತ್ತಿದ್ದರು. ಅದೇ ಜಮೀನಿನ ಮುಂದಿನ ಪತ್ರಗಳನ್ನು ಹುಡುಕಿ, 20–30 ವರ್ಷದ ನಂತರದ ಅಡಮಾನ ಪತ್ರದಲ್ಲಿ ಹಳೆಯ ಒಪ್ಪಂದದ ಕಥೆಯೆಲ್ಲ ಮತ್ತೆ ಬಂದಿರಬಹುದು. ಹೆಸರಿನ ಸೂಚಿಯಲ್ಲಿ ಆಸ್ತಿ ಕೊಟ್ಟವರ ಹೆಸರು ಮಾತ್ರ ಇರುತ್ತದೆ, ಪಡೆದವರದ್ದಲ್ಲ. ಜಮೀನಿನ ಸೂಚಿ ಬೇರೆ ಇದೆ. ಎರಡನ್ನೂ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು.

ಇನ್ನೊಬ್ಬ ಸದಸ್ಯರು: ನನ್ನ ಹೆಂಡತಿಯ ಕಡೆಯವರು ಮೇಯೋದ ಬಡ ಕ್ಯಾಥೊಲಿಕ್ ರೈತರು. ಇಲ್ಲಿ ಹುಡುಕಿದರೆ ಸುಮ್ನೆ ಸಮಯ ಹಾಳಾ?

ಉತ್ತರ: 18ನೇ ಶತಮಾನಕ್ಕಾದರೆ ಸಿಗೋದು ಕಷ್ಟ ಸರ್. 1704ರ ಕಾನೂನಿನ ಪ್ರಕಾರ ಕ್ಯಾಥೊಲಿಕ್ಕರು ಜಮೀನು ಕೊಳ್ಳುವ ಹಾಗಿರಲಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯೂ ಇಲ್ಲ. ಆ ಕಾನೂನು ಜಾರಿಯಾಗುತ್ತಿದೆಯಾ ಅಂತ ಕಣ್ಣಿಡೋದೂ 1708ರಲ್ಲಿ ಈ ರಿಜಿಸ್ಟ್ರಿ ಶುರು ಮಾಡಿದ ಉದ್ದೇಶಗಳಲ್ಲಿ ಒಂದು. 1778ರಿಂದ ಸ್ವಲ್ಪ ಸ್ವಲ್ಪ ಸಡಿಲವಾಯಿತು. ವರ್ಷದಿಂದ ವರ್ಷಕ್ಕೆ ಗೇಣಿ ಮಾಡುವವರಿಗಂತೂ ಪತ್ರವೇ ಇರುತ್ತಿರಲಿಲ್ಲ.

ಆದರೆ 19ನೇ ಶತಮಾನದ ಕೊನೆಗೆ ಬನ್ನಿ. ರೈತರ ಮನೆಗಳಲ್ಲೂ ಮಧ್ಯಸ್ಥರು ಗಂಡು ಹೆಣ್ಣು ಕೂಡಿಸಿ, ವಕೀಲರ ಹತ್ತಿರ ಪತ್ರ ಮಾಡಿಸುತ್ತಿದ್ದರು. ಹೊಲ ಮಗನಿಗೆ. ಅಪ್ಪ ಅಮ್ಮನಿಗೆ ಮನೆಯಲ್ಲಿ ಒಂದು ಕೋಣೆ, ಒಂದು ಹಸುವಿನ ಮೇವು, ಆಲೂಗಡ್ಡೆ, ಒಲೆಗೆ ಟರ್ಫ್ (ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲು). ಸೊಸೆ ತಂದ ಹಣ ಮಾವನ ಕೈಗೆ ಹೋಗಿ, ಅದರಿಂದಲೇ ಎಷ್ಟೋ ಸಲ ಅವನ ಮಗಳ ಮದುವೆ ಆಗುತ್ತಿತ್ತು. ಗೇಣಿದಾರರು ಜಮೀನ್ದಾರರಿಂದ ಹೊಲ ಕೊಳ್ಳಲು ನೆರವಾದ ಭೂ ಖರೀದಿ ಕಾಯ್ದೆಗಳಡಿ ಕೊಂಡ ಜಮೀನಾದರೆ ರಿಜಿಸ್ಟ್ರಿ ಆಫ್ ಡೀಡ್ಸ್ ಬಿಟ್ಟು, 1891ರ ಕಾಯ್ದೆಯಿಂದ ಬಂದ ಲ್ಯಾಂಡ್ ರಿಜಿಸ್ಟ್ರಿಯ ಫೋಲಿಯೊ (ಆ ಜಮೀನಿನ ದಾಖಲೆ) ತೆಗೆಸಿ. ಅಪ್ಪ ಅಮ್ಮನ ವಾಸದ ಹಕ್ಕನ್ನು ಜಮೀನಿನ ಮೇಲಿನ ಹೊರೆಯಾಗಿ ಅದರಲ್ಲಿ ದಾಖಲಿಸಿರಬಹುದು. ಜಮೀನಿನ ಟೌನ್‌ಲ್ಯಾಂಡ್ (ಐರ್ಲೆಂಡಿನ ಅತಿ ಚಿಕ್ಕ ಭೂ ವಿಭಾಗ) ಹೆಸರು ಗೊತ್ತಿದ್ದರೆ ಇಲ್ಲೇ ಹಾಕಿ, ಅದು ಯಾವ ಬ್ಯಾರೊನಿ ಅನ್ನೋ ಕೌಂಟಿಯ ಹಳೆಯ ಉಪವಿಭಾಗಕ್ಕೆ ಸೇರುತ್ತದೆ ಅಂತ ಹೇಳುತ್ತೇನೆ.